ಕುಡುಗೋಲು ತಾಗದ ಪೊದೆಗಳು

ಸಸಿ ಕೊಳ್ಳಲು ಬಂದವರಿಗೆ ನಾನು ಈಗ ಮೊದಲು ಹೇಳುವ ಮಾತು ಒಂದೇ. ಎತ್ತರ ನೋಡಬೇಡಿ, ಚೀಲದ ತಳ ಹಿಚುಕಿ ನೋಡಿ. ಮೆತ್ತಗಿದ್ದರೆ ತೆಗೆದುಕೊಳ್ಳಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಪುಕ್ಕಟೆ ಕೊಟ್ಟರೂ ಬಿಟ್ಟು ನಡೆಯಿರಿ. ಇದು ನನಗೆ ಮೊದಲೂ ಗೊತ್ತಿದ್ದ ಮಾತೇ. ಗೊತ್ತಿದ್ದೂ ತಪ್ಪು ಮಾಡಿದೆ. ಅದನ್ನೇ ಬರೆಯುತ್ತಿದ್ದೇನೆ, ನರ್ಸರಿ ನಡೆಸುವವರಿಗೂ ಗಿಡ ಹಚ್ಚಿಸುವವರಿಗೂ ಉಪಯೋಗಕ್ಕೆ ಬರಲಿ ಎಂದು.

ಲಕಮನಹಳ್ಳಿಯ ಹತ್ತಿರ ನನ್ನದೂ ನನ್ನ ಹೆಂಡತಿಯದೂ ಸೇರಿ ಒಂದು ನರ್ಸರಿ. ಹೆಬ್ಬಳ್ಳಿ ಕಡೆಯ ಒಂದು ಹಳ್ಳಿಯ ಸಮಿತಿಯವರು ತಮ್ಮೂರ ಗುಡ್ಡಕ್ಕೆ ಗಿಡ ಹಚ್ಚುವ ಕೆಲಸ ನಮಗೆ ಕೊಟ್ಟರು. ಹದಿನಾಲ್ಕು ಎಕರೆ. ಸುತ್ತಲೂ ಕಪ್ಪು ಎರೆ ಹೊಲ, ನಡುವೆ ಈ ಗುಡ್ಡವೊಂದೇ ಕೆಂಪು ಗರಸು ಮಣ್ಣು. ಹಿಂದೆ ಅಡವಿ ಇತ್ತಂತೆ. ಕಟ್ಟಿಗೆಗೆ ಕಡಿದು, ದನ ಬಿಟ್ಟು, ನಾನು ನೋಡುವ ಹೊತ್ತಿಗೆ ಮೊಳಕಾಲೆತ್ತರದ ಕುರುಚಲು ಮಾತ್ರ ಉಳಿದಿತ್ತು.

ಆ ಗರಸಿನ ಮೇಲೆ ರಸ್ತೆ ಗುತ್ತಿಗೆದಾರನೊಬ್ಬನ ಕಣ್ಣು ಬಿದ್ದಿತ್ತು. ರಸ್ತೆಗೆ ಹಾಸಲು ಅಂಥ ಮಣ್ಣು ಆ ಕಡೆ ಬೇರೆಲ್ಲೂ ಇಲ್ಲ. ಸಮಿತಿಯಲ್ಲಿ ಅರ್ಧ ಜನ ಕೊಡೋಣ ಎಂದರು, ಅರ್ಧ ಜನ ಬೇಡ ಎಂದರು. ಕೊನೆಗೆ ಒಂದು ಠರಾವಾಯಿತು. ಮೂರು ಮಳೆಗಾಲ ನೋಡುವುದು. ಮೂರನೆಯ ಮಳೆ ಮುಗಿಯುವಾಗ ಗುಡ್ಡದ ಮೇಲೆ ಅಡವಿ ಹಿಡಿದಿದ್ದರೆ ಗುಡ್ಡ ಉಳಿಯಿತು. ಹಿಡಿಯದಿದ್ದರೆ ಅಗೆಯುವ ಯಂತ್ರ ಮೇಲೆ ಹತ್ತುತ್ತದೆ.

ಸಮಿತಿಯ ಅಧ್ಯಕ್ಷರು ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡಿ ಮುಪ್ಪಾದವರು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: “ತಮ್ಮಾ, ನೀನೂ ವ್ಯಾಪಾರಿ, ನಾನೂ ವ್ಯಾಪಾರಿ. ನನಗ ಮಾತು ಬ್ಯಾಡ. ಮೂರನೇ ವರ್ಷ ಗುಡ್ಡದ ಮ್ಯಾಲ ಗಿಡ ಕಾಣಬೇಕು, ಅಷ್ಟ.”

“ಮೊದಲನೇ ವರ್ಷಾನ ಕಾಣಸ್ತೇನ್ರಿ ಕಾಕಾರ” ಎಂದೆ.

ಆ ಮಾತು ಹೇಳಿದ ಮೇಲೆ ಎತ್ತರದ ಸಸಿ ಬೇಕೇ ಬೇಕಾಯಿತು. ನಮ್ಮಲ್ಲಿ ಇದ್ದವು ಗೇಣುದ್ದದವು. ಅದೇ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿ ಒಬ್ಬರು ನರ್ಸರಿ ಮುಚ್ಚುತ್ತಿದ್ದಾರೆಂದು ತಿಳಿಯಿತು. ಹೋದೆ. ಹೊಂಗೆ, ಬೇವು, ತಪಸಿ, ಹುಣಸೆ, ಎಲ್ಲವೂ ಎದೆಯೆತ್ತರ. ಮೂರು ವರ್ಷದಿಂದ ಅದೇ ಚಿಕ್ಕ ಚೀಲದಲ್ಲಿ ನಿಂತವು. ಚೌಕಾಶಿಯಲ್ಲಿ ನನ್ನದೊಂದು ರೀತಿಯಿದೆ. ಮೊದಲು ಮಾಲನ್ನು ಹಳಿಯುವುದಿಲ್ಲ, ಹೊಗಳುತ್ತೇನೆ. ಹೊಗಳಿ, ಹೊಗಳಿ, ನನಗೆ ಮಾತ್ರ ಇದು ಒಗ್ಗುವುದಿಲ್ಲ ಎಂದು ಎದ್ದು ಬಿಡುತ್ತೇನೆ. ಅವರು ಕೈಹಿಡಿದು ಕೂರಿಸುತ್ತಾರೆ. ಅವತ್ತು ಮೂರು ಸಲ ಎದ್ದೆ, ಮೂರು ಸಲ ಕೂರಿಸಿದರು. ಅರ್ಧಕ್ಕಿಂತ ಕಡಿಮೆಗೆ ಮುಗಿಯಿತು.

ಲಾರಿಯಿಂದ ಇಳಿಸುವಾಗ ಹೆಂಡತಿ ಒಂದು ಚೀಲದ ತಳ ಹಿಚುಕಿದಳು.

“ಇದು ಕಲ್ಲಾಗೇತ್ರಿ.”

“ಎತ್ತರ ನೋಡ.”

“ಎತ್ತರ ತಗೊಂಡ ಏನ ಮಾಡೋದೈತಿ? ಕೂಸಿನ ಕುಲಾಯಿ ಹರೇದ ಹುಡುಗಗ ಹಾಕಿದಂಗ ಆಗೇತಿ. ಒಳಗ ಬೇರು ಸುತ್ತಿಕೊಂಡಿರ್ತಾವ.”

“ಮಣ್ಣಿಗೆ ಬಿದ್ರ ತಾವ ಬಿಚ್ಚಿಕೊಳ್ತಾವ ಬಿಡ.”

ಅವಳು ಆ ಚೀಲ ಕೆಳಗಿಟ್ಟು ಮುಂದಿನದನ್ನು ಇಳಿಸಿಕೊಂಡಳು. ಅಂಥ ಸಸಿಯನ್ನು ಹಚ್ಚಲೇಬೇಕೆಂದರೆ ಚೀಲದ ತಳವನ್ನು ಎರಡು ಬೆರಳಷ್ಟು ಕತ್ತರಿಸಿ, ಬದಿಗೆ ನಾಲ್ಕು ಕಡೆ ಉದ್ದಕ್ಕೆ ಚಾಕು ಎಳೆದು ಹಚ್ಚಬೇಕು. ಬೇರಿಗೆ ಗಾಯವಾಗಿ ಸಸಿ ಒಂದು ತಿಂಗಳು ಸೊರಗುತ್ತದೆ, ಎಲೆ ಉದುರಿಸುತ್ತದೆ. ಮೊದಲ ವರ್ಷವೇ ಕಾಣಿಸುತ್ತೇನೆ ಎಂದವನಿಗೆ ಅದು ಬೇಕಿರಲಿಲ್ಲ. ಚೀಲ ಹರಿದು ಇಡಿಯ ಬೇರುಗಡ್ಡೆಯನ್ನು ಹಾಗೇ ಗುಂಡಿಗೆ ಇಳಿಸಿದೆವು.

ಗುಂಡಿ ಎರಡು ಸಾವಿರದ ಇನ್ನೂರು. ಉದ್ದ, ಅಗಲ, ಆಳ ಎರಡೆರಡು ಅಡಿ. ಹಗ್ಗ ಹಿಡಿದು ನೇರ ಸಾಲು. ಜೂನ್ ಮೊದಲಲ್ಲಿ ಮಿರಗದ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ ನಾಟಿ. ಇಳಿಜಾರಿನ ಕಡೆ ಅರ್ಧ ಚಂದ್ರದಂತೆ ಒಡ್ಡು, ನೀರು ನಿಲ್ಲಲಿ ಎಂದು. ಇದಾವುದರಲ್ಲೂ ಮೈಗಳ್ಳತನ ಮಾಡಲಿಲ್ಲ. ಕೆಲಸ ಗಟ್ಟಿಯಾಗಿತ್ತು. ಕೆಟ್ಟದ್ದು ಗುಂಡಿಯಲ್ಲಿ ಇಟ್ಟ ಮಾಲು.

ಕಳೆ ತೆಗೆಯಲು ಆ ಊರಿನ ಹನ್ನೆರಡು ಹೆಂಗಸರು. ಅವರಲ್ಲಿ ಹಿರಿಯಳೊಬ್ಬಳಿದ್ದಳು, ಗುಂಪು ಅವಳ ಮಾತು ಕೇಳುತ್ತಿತ್ತು. ಅವಳ ಮನೆ ಗುಡ್ಡದ ಬುಡಕ್ಕೇ. ಮನೆಯ ಮುಂದೆ ಒಂದು ಸಿಹಿನೀರಿನ ಬಾವಿ. ಎರೆ ಹೊಲದ ಬಾವಿಗಳೆಲ್ಲ ಸವುಳು, ಇದೊಂದು ಗುಡ್ಡದ ಒಸರಿನಿಂದ ತುಂಬುವುದು. ಆ ಓಣಿಯ ಮೂವತ್ತು ಮನೆಗಳು ಅದನ್ನೇ ಕುಡಿಯುತ್ತವೆ.

“ಗುಡ್ಡ ಅಗದ್ರ ನಮ್ಮ ನೀರು ಹೋತು ಅಂತ ತಿಳೀರಿ ಅಣ್ಣಾರ” ಎಂದು ಮೊದಲ ವಾರವೇ ಹೇಳಿದಳು. “ನಿಮ್ಮ ಗಿಡ ಬದುಕಬೇಕು ನೋಡ್ರಿ.”

ಬದುಕುತ್ತವೆ ಎಂದೆ.

ಅವರಿಗೆ ಹೇಳಿದ ಕೆಲಸ ಇಷ್ಟು: ನಾವು ಹಚ್ಚಿದ ಸಸಿ ಬಿಟ್ಟು ನಡುವೆ ಬೆಳೆದದ್ದನ್ನೆಲ್ಲ ನೆಲಕ್ಕೆ ಸಮ ಕೊಯ್ಯುವುದು. ಸಮಿತಿಯವರು ರಸ್ತೆಯಲ್ಲಿ ನಿಂತು ನೋಡಿದರೂ ಸಾಲು ಕಾಣಬೇಕು. ವರ್ಷಕ್ಕೆ ಎರಡು ಸಲ.

ಮೊದಲ ಸಲವೇ ಜಗಳವಾಯಿತು. ಎಲ್ಲ ಕೊಯ್ದಿದ್ದರು, ಆದರೆ ಅಲ್ಲಲ್ಲಿ ಮಂಚದಷ್ಟಗಲ ಪೊದೆಗಳನ್ನು ಹಾಗೇ ಬಿಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದರ ನಡುವೆ ಬಿಲ್ವಪತ್ರಿಯ ಚಿಗುರು. ಕೆಲವದರಲ್ಲಿ ಬನ್ನಿ.

“ಇದ್ಯಾಕ ಬಿಟ್ಟೀರಿ ಅಕ್ಕಾರ?”

“ಪತ್ರಿಗೆ ಕುಡಗೋಲ ಹಚ್ಚಂಗಿಲ್ರಿ.”

“ಪತ್ರಿ ಬಿಡ್ರಿ, ಸುತ್ತಲಿಂದ ಕೊಯ್ರಿ.”

“ಕುಡಗೋಲ ಬೀಸೂವಾಗ ಜಾರಿ ತಾಗಿದ್ರ? ಒಂದ ಮಾರು ದೂರಾನ ನಿಲ್ಲತೇವ್ರಿ ನಾವು. ನಮ್ಮ ಅತ್ತಿ ಕಾಲದಿಂದ ಹಂಗ.”

“ಸಾಲು ಕೆಡತೈತಲ್ಲ!”

“ಸಾಲು ನಿಮ್ಮದು, ಪಾಪ ನಮ್ಮದೇನ್ರಿ?” ಎಂದಳು ಒಬ್ಬಾಕೆ. ಉಳಿದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಹಿರಿಯಳು ನಗಲಿಲ್ಲ. “ಬೇಕಿದ್ರ ನೀವ ಕೊಯ್ಕೊಳ್ರಿ, ನಿಮ್ಮ ಕೈ ನಾವು ಹಿಡಿಯಂಗಿಲ್ಲ” ಎಂದು ಕುಡುಗೋಲು ನನ್ನ ಮುಂದೆ ಚಾಚಿದಳು.

ನಾನು ತೆಗೆದುಕೊಳ್ಳಲಿಲ್ಲ. ಭಕ್ತಿಯಿಂದಲ್ಲ. ಹನ್ನೆರಡು ಜನರನ್ನು ಕಳೆದುಕೊಂಡರೆ ಮತ್ತೆ ಎಲ್ಲಿಂದ ತರುವುದೆಂಬ ಲೆಕ್ಕದಿಂದ. ಹೀಗೆ ಎರಡು ವರ್ಷದಲ್ಲಿ ನಾಲ್ಕು ಸಲ ಕೊಯ್ಲಾಯಿತು. ನಾಲ್ಕು ಸಲವೂ ಆ ಪೊದೆಗಳು ಉಳಿದವು, ನಾಲ್ಕು ಸಲವೂ ನಾನು ಗೊಣಗಿದೆ.

ಮೊದಲ ಬೇಸಿಗೆ ಟ್ಯಾಂಕರ್ ನೀರು ಕುಡಿಸಿ ದಾಟಿಸಿದೆವು. ಸಮಿತಿಯವರು ಸಂತೋಷಪಟ್ಟರು. ಎರಡನೆಯ ಮಳೆಗಾಲದಲ್ಲಿ ಒಂದು ಸಂಗತಿ ಕಂಡಿತು. ಸಸಿಗಳು ಬೆಳೆಯುತ್ತಿರಲಿಲ್ಲ. ಎದೆಯೆತ್ತರ ಹಚ್ಚಿದ್ದು ಎದೆಯೆತ್ತರವೇ. ಆಷಾಢದ ಗಾಳಿಗೆ ಸಾಲಿಗೆ ಸಾಲೇ ಒಂದು ಕಡೆ ವಾಲಿತು. ಕೋಲು ಕಟ್ಟಿಸಿದೆ. ಅದನ್ನು ಗಾಳಿಯ ತಪ್ಪೆಂದು ತಿಳಿದೆ, ಅಥವಾ ಹಾಗೆ ತಿಳಿದುಕೊಳ್ಳುವುದು ಸುಲಭವಾಗಿತ್ತು. ಕೋಲು ಕಟ್ಟಿದ ಸಸಿ ಬೇರು ಬಿಡುತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಬುಡ ಹಿಡಿದು ಅಲುಗಾಡಿಸಿ. ಮಣ್ಣು ಬಿರಿದರೆ ಬೇರು ಹೋಗಿಲ್ಲ ಎಂದರ್ಥ. ನಾನು ಅಲುಗಾಡಿಸಿ ನೋಡಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ಒಣಗಿದವು. ಒಂದೊಂದಾಗಿ ಅಲ್ಲ, ಇಪ್ಪತ್ತು ದಿನದಲ್ಲಿ ಎಲ್ಲ. ನೀರು ಕೊಟ್ಟರೂ ಒಣಗಿದವು.

ಕೀಳಿಸಲು ನಾಲ್ಕು ಆಳು ಹಚ್ಚಿದೆ. ಸಲಿಕೆ ಬೇಕಾಗಲಿಲ್ಲ. ಒಂದು ಕೈಯಲ್ಲಿ ಎಳೆದರೆ ಮೂಲಂಗಿಯ ಹಾಗೆ ಬಂದವು. ಬೇರು ಚೀಲದ ಆಕಾರದಲ್ಲೇ ಇತ್ತು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯಂತೆ ಸುತ್ತಿಕೊಂಡು, ತನ್ನನ್ನು ತಾನೇ ಬಿಗಿದುಕೊಂಡು. ಎರಡು ವರ್ಷ ಮಣ್ಣಿನಲ್ಲಿದ್ದರೂ ಒಂದೆಳೆ ಹೊರಗೆ ಚಾಚಿರಲಿಲ್ಲ. ಪ್ರತಿಯೊಂದನ್ನೂ ನಾನೇ ಕೊಡವಿ ನೋಡಿದೆ. ಮೊದಲ ದಿನ ನಾಚಿಕೆಯಾಯಿತು. ಎರಡನೆಯ ದಿನ ಸಿಟ್ಟು. ಮೂರನೆಯ ದಿನದಿಂದ ಏನೂ ಆಗಲಿಲ್ಲ. ಎಳೆಯುವುದು, ಕೊಡವುವುದು, ರಾಶಿಗೆ ಎಸೆಯುವುದು. ಊಟದ ಡಬ್ಬಿ ತೆರೆದರೆ ಉಣ್ಣುತ್ತಿದ್ದೆ, ಏನು ಉಂಡೆನೆಂದು ಮನೆಗೆ ಹೋಗಿ ಹೇಳಲಾಗುತ್ತಿರಲಿಲ್ಲ. ಹೆಂಡತಿ ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೂ ನನಗೆ ತಾಗುತ್ತಿರಲಿಲ್ಲವೇನೋ.

ಸಮಿತಿಗೆ ಸುದ್ದಿ ಹೋಯಿತು. ಅಧ್ಯಕ್ಷರು ಕರೆದು ಕೇಳಿದರು, ನಾನು ಮುಚ್ಚದೆ ಹೇಳಿದೆ: ಮಾಲು ಹಳೆಯದು, ಆರಿಸಿದವನು ನಾನು. ಅವರು ಬೈಯಲಿಲ್ಲ. ತೂಕ ಹೆಚ್ಚಿಸಲು ನೀರು ಹೊಡೆದ ಹತ್ತಿಯ ಬೇಲ್ ಕೊಂಡವರನ್ನು ನೋಡಿದಂತೆ ನೋಡಿದರು. ಈ ಸಲ ನಮ್ಮದೇ ನರ್ಸರಿಯ ಎಳೆಯ ಸಸಿಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಅಗಿಗಳನ್ನು, ಮಳೆ ಬಿದ್ದ ಕೂಡಲೇ ಅದೇ ಗುಂಡಿಗಳಿಗೆ ಹಾಕುವುದೆಂದಾಯಿತು. ನನ್ನಲ್ಲಿ ಎಣಿಸಿ ಎರಡು ಸಾವಿರದ ಇನ್ನೂರು ಸಿದ್ಧವಾಗಿದ್ದವು. ಚೀಲದ ತಳ ಮೆತ್ತಗಿತ್ತು.

ಕೀಳುವ ಎಂಟನೆಯ ದಿನ, ಮಧ್ಯಾಹ್ನ. ಗುಡ್ಡದ ಮೇಲೆ ನೆರಳೆಂಬುದು ಆ ಪತ್ರಿ ಪೊದೆಗಳ ಕೆಳಗೆ ಮಾತ್ರ. ತಲೆಯಷ್ಟಾದರೂ ತಂಪಿಗಿರಲಿ ಎಂದು ಒಂದರ ಬುಡದಲ್ಲಿ ಕುಳಿತೆ. ಪತ್ರಿ ನನ್ನ ತಲೆ ದಾಟಿ ಬೆಳೆದಿತ್ತು. ನೀರು ಹಾಕಿದವರಿಲ್ಲ, ಗುಂಡಿ ತೋಡಿದವರಿಲ್ಲ. ಕೈ ಊರಿದಲ್ಲಿ ಏನೋ ತಾಗಿತು. ನೋಡಿದರೆ ಬೇವಿನ ಸಸಿ. ಅದರ ಪಕ್ಕ ತಪಸಿಯ ಚಿಗುರು, ಹೆಬ್ಬೆರಳು ದಪ್ಪ. ಕಕ್ಕೆ, ಮುತ್ತಲ. ಒಳಗೆ ಮೂಲೆಯಲ್ಲಿ ಗಂಧದ್ದೊಂದು, ಹಕ್ಕಿ ಹಾಕಿದ ಬೀಜದ್ದು. ಬೇಸಿಗೆಯ ನಡುಮಧ್ಯ ಎಲ್ಲವೂ ಹಸಿರು.

ಗುಂಪಿನ ಹಿರಿಯಳು ಮಜ್ಜಿಗೆ ತಂದಿದ್ದಳು.

“ಇವು ಯಾವಾಗ ಬಂದ್ವು ಅಕ್ಕಾರ?”

“ಎಲ್ಲಿಂದ ಬರತಾವ್ರಿ, ಇದ್ದವ ಅಲ್ಲ” ಎಂದಳು. “ಗುಡ್ಡದ ತುಂಬ ಇದ್ವು. ನೀವು ಕೊಯ್ಸಿದ್ರಿ.”

ಅವಳು ಚುಚ್ಚಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು.

ಮಜ್ಜಿಗೆ ಕುಡಿದು ಎದ್ದೆ. ಹತ್ತು ಅಡಿಯ ಹಗ್ಗ ತೆಗೆದುಕೊಂಡು, ಒಂದು ಗೂಟ ಊರಿ, ಹಗ್ಗ ಸುತ್ತಿಸಿ, ಆ ಸುತ್ತಿನೊಳಗೆ ಇರುವ ಬುಡಗಳನ್ನು ಎಣಿಸಿದೆ. ಹುಲ್ಲು ಸರಿಸಿ ನೋಡಬೇಕು, ಕೊಯ್ದ ಬುಡ ನೆಲಕ್ಕೆ ಸಮ ಇರುತ್ತದೆ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿದ್ದರೆ ಜೀವವಿದೆ. ಎರಡು ದಿನದಲ್ಲಿ ಇಪ್ಪತ್ತು ಕಡೆ ಹೀಗೆ ಸುತ್ತು ಹಾಕಿದೆ. ಹದಿನೇಳು ಸುತ್ತುಗಳಲ್ಲಿ ಏಳಕ್ಕೆ ಕಡಿಮೆ ಜೀವಂತ ಬುಡ ಇರಲಿಲ್ಲ. ಪ್ರತಿ ಬುಡದ ಮೇಲೆ ಕುಡುಗೋಲಿನ ಗುರುತು, ಒಂದರ ಮೇಲೊಂದು, ನಾಲ್ಕು. ಹಳೆಯ ಅಡವಿಯ ಬೇರುಗಳು ನೆಲದೊಳಗೆ ಇಡಿಯಾಗಿಯೇ ಇದ್ದವು. ಮೇಲೆ ಬರಲು ನಾಲ್ಕು ಸಲ ನೋಡಿದ್ದವು, ನಾಲ್ಕು ಸಲ ನಾನು ಕೂಲಿ ಕೊಟ್ಟು ಕೊಯ್ಸಿದ್ದೆ. ಕೊಯ್ಸಿ, ಅವುಗಳ ನಡುವೆ ಬೇರಿಲ್ಲದ ಮರ ನಿಲ್ಲಿಸಿ ಸಾಲು ತೋರಿಸಿದ್ದೆ.

ಉಳಿದ ಮೂರು ಸುತ್ತುಗಳಲ್ಲಿ ಏನೂ ಇರಲಿಲ್ಲ. ಅದು ಕೆಳಗಿನ ಎರಡು ಎಕರೆ. ಹಿಂದೆ ಯಾರೋ ಮಣ್ಣಿನ ಮೇಲ್ಪದರ ಕೆರೆದು ಒಯ್ದ ಜಾಗ. ಅಲ್ಲಿ ಹಳೆಯ ಬೇರುಗಳೇ ಇಲ್ಲ, ತಾನಾಗಿ ಏನು ಬರಬೇಕು? ಇದನ್ನು ಗಮನಿಸಿ. ಅಡವಿ ತಾನೇ ಬರುತ್ತದೆ ಎನ್ನುವವರ ಮಾತೂ ಪೂರ್ತಿ ನಂಬಬೇಡಿ, ಹಚ್ಚಿದರೇ ಬರುತ್ತದೆ ಎನ್ನುವವರ ಮಾತೂ ಬೇಡ. ಮೊದಲು ಹಗ್ಗ ಹಿಡಿದು ಎಣಿಸಿ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ: “ಆ ಗುಡ್ಡಕ್ಕ ನಮ್ಮ ಅಗಿ ಒಯ್ಯಂಗಿಲ್ಲ. ಕೆಳಗಿನ ಎರಡ ಎಕರೆಗೆ ಮುನ್ನೂರು ಸಾಕು.”

ಅವಳು ಸಾಲಾಗಿ ನಿಂತ ಚೀಲಗಳ ಕಡೆ ನೋಡಿದಳು. “ಉಳದದ್ದು?”

“ಮಾರಿದಷ್ಟು ಮಾರೋದು. ಮಳಿ ಮುಗಿದ ಮ್ಯಾಲೂ ಉಳದ್ರ ಕಡದು ಗೊಬ್ಬರದ ಗುಂಡಿಗೆ. ಮುಂದಿನ ವರ್ಷಕ್ಕ ಇಡೂದಿಲ್ಲ.”

“ಖರೇ ಹೇಳಾಕತ್ತೀರೇನು?”

“ಖರೇನ.”

ಆಕೆ ಕೈ ತೊಳೆದುಕೊಂಡು ಒಳಗೆ ಹೋದಳು. ವರ್ಷವಿಡೀ ಅವಳು ತುಂಬಿದ ಚೀಲಗಳವು.

ಸಮಿತಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಗರಸು ಕೊಡೋಣ ಎನ್ನುವ ಗುಂಪಿನ ಮುಂದಾಳು ಟ್ರ್ಯಾಕ್ಟರ್ ಇಟ್ಟುಕೊಂಡ ಒಬ್ಬ ಸದಸ್ಯ. ಮಣ್ಣು ಹೊರುವ ಬಾಡಿಗೆ ತನಗೆ ಬರುತ್ತದೆಂದು ಅವನು ಮುಚ್ಚಿಟ್ಟಿರಲೂ ಇಲ್ಲ.

“ಅಲ್ರೀ, ಎರಡು ವರ್ಷ ಅಗಿ ಹಚ್ಚಿ ಕೊಂದ್ರಿ. ಈಗ ಏನೂ ಹಚ್ಚಂಗಿಲ್ಲ, ತಾನ ಬರತೈತಿ ಅಂತೀರಿ. ನಿಮಗ ಕೆಲಸ ಬ್ಯಾಸರ ಆತೇನು?”

“ಬ್ಯಾಸರ ಆಗಿದ್ರ ಅಗಿ ಮಾರಿ ಮನಿಗೆ ಹೋಗತಿದ್ದೆರಿ” ಎಂದೆ. “ಅಗಿ ಮಾರಾವ ಬಂದು ಅಗಿ ಬ್ಯಾಡ ಅನ್ನಾಕತ್ತಾನ ಅಂದ್ರ ಅದರಾಗ ಏನೋ ಐತಿ ಅಂತ ನೀವ ತಿಳಕೋಬೇಕು.”

ಅಧ್ಯಕ್ಷರು ಮೀಸೆ ಸವರಿಕೊಂಡರು. “ಈ ಮಾತು ಖರೇ. ಮಾಲು ಬ್ಯಾಡ ಅನ್ನೋ ವ್ಯಾಪಾರಿನ್ನ ನಾ ಈ ಐವತ್ತು ವರ್ಷದಾಗ ನೋಡಿಲ್ಲ. ಆದ್ರ ತಮ್ಮಾ, ವಾಯಿದೆ ಅದ. ಮಳಿ ಮುಗಿಯೂತನಕ. ಒಂದು ದಿನ ಹೆಚ್ಚಿಲ್ಲ.”

ಅಲ್ಲಿಂದ ನಾಲ್ಕು ತಿಂಗಳು ಮಾಡಿದ ಕೆಲಸ ಬಹಳ ಕಡಿಮೆ. ಅದೇ ಕಷ್ಟ. ಸುತ್ತಲೂ ಜಾಲಿಮುಳ್ಳಿನ ಬೇಲಿ. ದನ ಒಳಗೆ ಬರಬಾರದು, ಕುಡುಗೋಲು ಬರಬಾರದು. ಹಿರಿಯಳೂ ಅವಳ ಗುಂಪೂ ಪಾಳಿಯ ಮೇಲೆ ಬೇಲಿ ಕಾದರು. ಮಳೆ ಬಿದ್ದ ಮೇಲೆ ಒಂದೊಂದು ಬುಡದಿಂದ ಹತ್ತು ಹನ್ನೆರಡು ಚಿಗುರು ಒಡೆದವು. ಹಾಗೇ ಬಿಟ್ಟರೆ ಅದು ಪೊದೆಯಾಗಿಯೇ ಉಳಿಯುತ್ತದೆ. ಮೊಳಕಾಲೆತ್ತರ ಬಂದಾಗ ನೆಟ್ಟಗಿರುವ, ಬುಡಕ್ಕೆ ತೀರ ಹತ್ತಿರ ಹುಟ್ಟಿದ ಒಂದನ್ನು ಇಟ್ಟು ಉಳಿದದ್ದನ್ನು ಕೈಯಿಂದಲೇ ಮುರಿದು ತೆಗೆಯಬೇಕು. ಬುಡದ ಎಲ್ಲ ಬಲವೂ ಆ ಒಂದಕ್ಕೆ ಹೋಗುತ್ತದೆ. ಪತ್ರಿಯನ್ನು ಮಾತ್ರ ನಾವು ಮುಟ್ಟಲಿಲ್ಲ. ಮುಟ್ಟಲು ನಾನೂ ಹೇಳಲಿಲ್ಲ.

ಕೆಳಗಿನ ಎರಡು ಎಕರೆಯಲ್ಲಿ ಎಳೆಯ ಸಸಿ ಹಚ್ಚಿದೆವು. ಬೆಳೆದವು. ಆದರೆ ಮೇಲಿನವು ಸೊಂಟ ದಾಟುವಾಗ ಇವು ಎರಡು ಗೇಣು ಮಾತ್ರ ಆಗಿದ್ದವು.

ಆರಿದ್ರಾ ಮಳೆಯಲ್ಲಿ ಒಂದು ದಿನ ಬೇಲಿ ಮುರಿದು ಊರ ದನ ಒಳಗೆ ಬಿದ್ದವು. ಒಂದು ಮುಂಜಾನೆಯಲ್ಲಿ ಮೇಲಿನ ಭಾಗದ ಎರಡು ಎಕರೆಯಷ್ಟು ಚಿಗುರು ಮೇಯ್ದು ಹೋದವು. ಬೇಲಿ ತಾನೇ ಬಿದ್ದಿತೋ ಯಾರಾದರೂ ಎಳೆದರೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಲಿಲ್ಲ. ಹಿರಿಯಳು ನೆಲದ ಮೇಲೆ ಕುಳಿತು ಅತ್ತಳು. ನಾನು ನಿಂತು ನೋಡಿದೆ. ಮುಳ್ಳು ತಂದು ಬೇಲಿ ಕಟ್ಟಿದೆ. ಇಪ್ಪತ್ತು ದಿನಕ್ಕೆ ಅವೇ ಬುಡಗಳು ಮತ್ತೆ ಒಡೆದವು.

ವಾಯಿದೆಯ ದಿನ ಸಮಿತಿಯ ಏಳೂ ಜನ ಗುಡ್ಡ ಹತ್ತಿದರು. ಬೇಲಿ ಸರಿಸಿ ಒಳಗೆ ಕರೆದುಕೊಂಡು ಹೋದೆ. ಮೇಲಿನ ಹನ್ನೆರಡು ಎಕರೆಯಲ್ಲಿ ಎದೆಮಟ್ಟದ ಹಸಿರು, ಪತ್ರಿ ಇದ್ದಲ್ಲಿ ತಲೆಯ ಮೇಲೆ. ಹಿರಿಯಳೂ ಅವಳ ಗುಂಪೂ ಬೇಲಿಯ ಆಚೆ ನಿಂತಿದ್ದರು, ಒಳಗೆ ಬರಲಿಲ್ಲ.

ಟ್ರ್ಯಾಕ್ಟರ್ ಇದ್ದ ಸದಸ್ಯ ಸುತ್ತಿ ನೋಡಿ ಬಂದ. “ಇದು ಬರೇ ಕುರುಚಲ ಕಂಟಿರಿ. ಅಡವಿ ಅಲ್ಲ. ಠರಾವಿನ್ಯಾಗ ಅಡವಿ ಅಂತ ಬರದದ.”

ಅವನ ಮಾತು ಪೂರ್ತಿ ಸುಳ್ಳಲ್ಲ. ನಾನು ವಾದ ಮಾಡಲಿಲ್ಲ. ಒಂದು ತಪಸಿಯ ಹತ್ತಿರ ಕರೆದೆ. “ಜಗ್ಗಿ ನೋಡ್ರಿ.”

ಒಂದು ಕೈಯಲ್ಲಿ ಜಗ್ಗಿದ. ಎರಡು ಕೈ ಹಾಕಿದ. ಕಾಲು ಊರಿ ಜಗ್ಗಿದ. ಚಪ್ಪಲಿ ಜಾರಿತು, ಗಿಡ ಅಲುಗಲಿಲ್ಲ. ಯಾರೋ ನಕ್ಕರು.

“ಸಾಕು ಬಿಡೋ, ಧೋತರ ಹರದೀತು” ಎಂದರು ಅಧ್ಯಕ್ಷರು. ಆಮೇಲೆ ಒಂದು ಪತ್ರಿಯ ನೆರಳಿಗೆ ಕುಳಿತು, ನನ್ನನ್ನೂ ಎದುರಿಗೆ ಕೂರಿಸಿಕೊಂಡರು. “ಅಡವಿ ಆಗಾಕ ಎಷ್ಟ ದಿನಾ ಬೇಕು, ಖರೇ ಹೇಳು.”

“ಹನ್ನೆರಡು ವರ್ಷರಿ ಕಾಕಾರ.”

“ಹುಚ್ಚಿದ್ದಿ. ಎರಡು ಕೊಡ್ತೇನಿ.”

“ಎರಡಕ್ಕ ಕಟ್ಟಿಗಿ ಆಗತಾವ, ಗಿಡ ಆಗಂಗಿಲ್ಲ. ಹನ್ನೊಂದ ಕೊಡ್ರಿ.”

“ಮೂರು.”

“ನಿಮ್ಮ ಗುಡ್ಡ ಬಂಗಾರದಂಥಾದ್ದು, ಬೇರ ಯಾ ಊರಿಗೂ ಇಂಥಾ ಬೇರಿಲ್ಲ. ಆದ್ರ ಮೂರಕ್ಕ ನನ್ನ ಕೈಲಿ ಆಗಂಗಿಲ್ರಿ. ಗರಸಿನವರನ್ನ ಕರೀರಿ.” ಎದ್ದೆ.

ನಾಲ್ಕು ಹೆಜ್ಜೆ ಹೋದೆ. ಯಾರೂ ಕರೆಯಲಿಲ್ಲ. ಐದನೆಯ ಹೆಜ್ಜೆಗೆ ಅಧ್ಯಕ್ಷರ ದನಿ ಕೇಳಿತು. “ಕುಂದರ ಬಾ. ಐದು.”

ಮತ್ತೆ ಕುಳಿತೆ. ಹತ್ತು ಎಂದೆ. ಆರು ಎಂದರು. ಎಂಟು ಎಂದೆ. ಹತ್ತಿ ಪೇಟೆಯಲ್ಲಿ ಮಾಡುವಂತೆ ನನ್ನ ಅಂಗೈಯನ್ನು ತಮ್ಮ ಟವೆಲ್ಲಿನ ಕೆಳಗೆ ಎಳೆದುಕೊಂಡು ಬೆರಳು ಒತ್ತಿದರು. ಐದು ಬೆರಳು, ಬಿಟ್ಟು ಮತ್ತೆ ಎರಡು. ಏಳು. ನಾನು ಅವರ ಕೈ ಅದುಮಿದೆ. ಮುಗಿಯಿತು. ಬಹಳ ವ್ಯವಹಾರ ಮುಗಿಸಿದ್ದೇನೆ, ಮುಗಿದ ಕ್ಷಣ ಗೆದ್ದ ಸಂತೋಷವಾಗುತ್ತದೆ. ಅವತ್ತು ಆಗಲಿಲ್ಲ. ಏಳು ವರ್ಷ ಎಂದು ಮನಸ್ಸಿನಲ್ಲಿ ಒಮ್ಮೆ ಅಂದುಕೊಂಡೆ, ಅಷ್ಟೇ.

ಸಮಿತಿಯ ಠರಾವು ಪುಸ್ತಕದಲ್ಲಿ ಒಬ್ಬ ಸದಸ್ಯರಿಂದ ಬರೆಸಿದರು. ಏಳು ವರ್ಷದ ತನಕ ಈ ಬೇಲಿಯ ಒಳಗೆ ದನ ಬಿಡಬಾರದು, ಕುಡುಗೋಲು ತರಬಾರದು, ಯಂತ್ರ ಹತ್ತಬಾರದು, ಮಣ್ಣು ಎತ್ತಬಾರದು. ಏಳೂ ಜನ ಸಹಿ ಮಾಡಿದರು. ಟ್ರ್ಯಾಕ್ಟರ್ ಇದ್ದವನೂ ಮಾಡಿದ. ಬೇಲಿಯ ಆಚೆಯಿಂದ ಹಿರಿಯಳು ಕೂಗಿ ಕೇಳಿದಳು: “ಏನಾತ್ರಿ ಅಣ್ಣಾರ?”

“ನಿಮ್ಮ ಬಾವಿಗೆ ಏಳು ವರ್ಷ ಭಯ ಇಲ್ಲ” ಎಂದೆ.

ಅಧ್ಯಕ್ಷರು ಪುಸ್ತಕ ಮುಚ್ಚುವ ಮುಂಚೆ ನನ್ನ ಕಡೆ ನೋಡಿ ಕಣ್ಣು ಕಿರಿದು ಮಾಡಿದರು. “ಇನ್ನೊಂದ ಸಾಲು ಬರೀರಿ. ಅಗಿ ಮಾರಾವರು ಸೈತ ಒಳಗ ಕಾಲಿಡಬಾರದು.”

ಎಲ್ಲರೂ ಜೋರಾಗಿ ನಕ್ಕರು.

“ಬರೀರಿ” ಎಂದೆ.

ನಗು ನಿಂತಿತು. ಬರೆಯುವವರು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ನನ್ನ ಮುಖ ನೋಡಿದರು. ಬರೆದದ್ದಾಯಿತು. ಕೆಳಗೆ ನನ್ನದೂ ಒಂದು ಸಹಿ ಹಾಕಿ, ಪೆನ್ನು ಮರಳಿ ಕೊಟ್ಟು, ಎಲ್ಲರಿಗಿಂತ ಮೊದಲು ಬೇಲಿ ದಾಟಿ ಹೊರಗೆ ಬಂದೆ.